ಸಾವೊ ಪಾಲೊದ ಹಳೇ ಮನೆಗೆ ಕೆಂಪು ಗಾರೆ ನೆಲ: ನನ್ನ ಅನುಭವ

ಮೂರನೇ ಸಲಕ್ಕೆ ನೆಲ ನಿಂತಿತು. ಎರಡು ಮಳೆಗಾಲ ಕಳೆದರೂ ಕೂದಲೆಳೆಯಷ್ಟು ಬಿರುಕಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮನೆ ಇರುವುದು ಸಾವೊ ಪಾಲೊದ ಇಪಿರಾಂಗ ಬಡಾವಣೆಯಲ್ಲಿ. 1950ರ ಸುಮಾರಿನ ಸೊಬ್ರಾಡು, ಅಂದರೆ ಎರಡಂತಸ್ತಿನ ಮನೆ. ಪಕ್ಕದ ಮನೆಗೆ ಗೋಡೆ ಅಂಟಿಕೊಂಡಿದೆ, ಅಗಲ ಐದು ಮೀಟರ್. ಕೆಳಗಿನ ಟೈಲ್ಸ್ ಕಿತ್ತರೆ ಅಡಿಯಲ್ಲಿ ಕೆಂಪು ಗಾರೆ! ಹಾಸನದ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲವೇ. ಇಲ್ಲಿ ಅದಕ್ಕೆ ವೆರ್ಮೆಲ್ಯಾಂವ್ ಅಂತಾರೆ. ಅದು ಪೂರ್ತಿ ಪುಡಿಯಾಗಿತ್ತು. ಹೊಸದಾಗಿ ಅದನ್ನೇ ಹಾಕೋಣ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. (ನಮ್ಮ ಮೇಸ್ತ್ರಿ ಪೋರ್ಚುಗೀಸ್ ಪದವೇ. ಇಲ್ಲಿ ಹಾಗೇ ಕರೆದರೆ ತಿರುಗಿ ನೋಡ್ತಾರೆ.) "ಬಿರುಕು ಬಿಡುತ್ತೆ, ಪೋರ್ಸಲೇನ್ ಟೈಲ್ಸ್ ಹಾಕಿಸಿ" ಅಂದ.

ಮೊದಲ ಸಲ ಅವನ ಮಾತೇ ನಿಜವಾಯಿತು. ಜುಲೈ ತಿಂಗಳು, ಇಲ್ಲಿ ಒಣ ಚಳಿಗಾಲ. ಇಡೀ ಹಾಲ್ ಒಂದೇ ಹಾಸಾಗಿ ಎಳೆದೆವು. ಬೇಗ ಗಟ್ಟಿಯಾಗುವ ಸಿಮೆಂಟ್ ಬೇರೆ. ಬಣ್ಣ ಗಾಢವಾಗಲಿ ಅಂತ ಪುಡಿಯನ್ನೂ ಜಾಸ್ತಿ ಸುರಿದೆ. ಮೂರನೇ ದಿನ ಕೆರೆ ಒಣಗಿದ ಹಾಗೆ ಬಿರುಕು. ಸುಮಾರು 1,800 ರಿಯಾಲ್ (ಬ್ರೆಜಿಲ್ ದುಡ್ಡು) ಹೋಯಿತು. ಎರಡನೇ ಸಲ ಬಿರುಕು ಕಮ್ಮಿ. ಆದರೆ ತೇವ ಆರುವ ಮೊದಲೇ ಹೊಳಪಿಗೆ ಅಕ್ರಿಲಿಕ್ ರೆಸಿನ್ ಅನ್ನೋ ಲೇಪನ ಬಳಿದೆವು. ಬೆಳ್ಳಗೆ ಮಚ್ಚೆ ಎದ್ದು ಹಾಲಿನ ಕೆನೆಯಂತೆ ಸುಲಿದು ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ಸಲ, ನೆಲ ನಿಧಾನವಾಗಿ ಆರಲಿ ಅಂತ ಫೆಬ್ರವರಿಯ ಮಳೆಗೆ ಕಾದೆ. ಮೀಟರಿಗೊಂದು ಹಿತ್ತಾಳೆ ಪಟ್ಟಿ ಕೊಟ್ಟು ನೆಲ ಭಾಗ ಮಾಡಿ, ಒಂದು ಬಿಟ್ಟು ಒಂದು ಭಾಗಕ್ಕೆ ಗಾರೆ ಹಾಕಿಸಿದೆ. ಬಣ್ಣದ ಪುಡಿ ಸಿಮೆಂಟಿನ ತೂಕಕ್ಕೆ ನೂರಕ್ಕೆ ಐದರಷ್ಟು, ಅಷ್ಟೇ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮೆತ್ತಬಾರದು. ಆ ಗಳಿಗೆಯಲ್ಲಿ ಉಕ್ಕಿನ ಕರಣೆ ಎಳೆಯಬೇಕು. ಸರ್ ಅಂತ ಸದ್ದು ಬಂದು ನೆಲ ಕನ್ನಡಿಯ ಹಾಗೆ ಮಿಂಚಿತು. ಆಮೇಲೆ ಕಾಫಿಯ ಸೆಣಬಿನ ಗೋಣಿ ಹಾಸಿ ಹನ್ನೆರಡು ದಿನ ನೀರುಣಿಸಿದೆ. ರೆಸಿನ್ ಇಲ್ಲ, ಬರೀ ಮೇಣ. ಮೇಣಕ್ಕೆ ಮೊದಲು ಒಂದು ಎಣ್ಣೆ ಉಜ್ಜಿದೆ. ಅದು ಅಜ್ಜಿಯ ಗುಟ್ಟು, ಹೇಳೋದಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಇಲ್ಲಿ ಬಿಸಿಲು ಹೊಡೆಯುವುದು ಉತ್ತರದಿಂದ. ಊರಿನ ಲೆಕ್ಕ ಉಲ್ಟಾ. ಹಸಿ ನೆಲಕ್ಕೆ ನೇರ ಬಿಸಿಲು ಬೀಳದಿರಲಿ ಅಂತ ಹಿತ್ತಲ ಕಡೆ ಕೊಬೊಗೊ ಜಾಲಿ, ಅಂದರೆ ತೂತಿರುವ ಇಟ್ಟಿಗೆಯ ಗೋಡೆ ಕಟ್ಟಿಸಿದೆ. 1929ರಲ್ಲಿ ಬ್ರೆಜಿಲ್‌ನದೇ ರೆಸೀಫೆ ನಗರದಲ್ಲಿ ಹುಟ್ಟಿದ ಇಟ್ಟಿಗೆ ಅದು. ಕೊಯಿಂಬ್ರಾ, ಬೊಯೆಕ್‌ಮನ್, ಗೋಯಿಸ್ ಅಂತ ಮೂವರ ಹೆಸರಿನ ತುಣುಕು ಸೇರಿ ಆದ ಪದ. ಮೊದಲು ತಂದ ಮಣ್ಣಿನವು ಸಾಗಣೆಯಲ್ಲೇ ಕಾಲುಭಾಗ ಒಡೆದವು, ಸಿಮೆಂಟಿನವು ನಿಂತವು. ಮಧ್ಯಾಹ್ನ ಕೆಂಪು ನೆಲದ ಮೇಲೆ ಜಾಲಿಯ ಬೆಳಕು ಚುಕ್ಕಿ ರಂಗೋಲಿ ಬಿಡಿಸುತ್ತದೆ. ಎಷ್ಟು ಚಂದ ಅಂತೀರಿ!

ನೆಲ ಸುಮಾರು 42 ಚದರ ಮೀಟರ್. ಪೋರ್ಸಲೇನ್‌ಗೆ 11,000 ರಿಯಾಲ್ ಹೇಳಿದ್ದರು. ನನಗೆ ಹಾಳಾದದ್ದೂ ಸೇರಿ, ಜಾಲಿ ಬಿಟ್ಟು, 6,500ರ ಆಸುಪಾಸು. ನಮ್ಮ ದುಡ್ಡಲ್ಲಿ ಒಂದು ಲಕ್ಷದ ಹತ್ತಿರ. ಮೊದಲೇ ಸರಿಯಾಗಿದ್ದರೆ 4,000 ದಾಟುತ್ತಿರಲಿಲ್ಲ.

ಈಗ ಅದೇ ಮೇಸ್ತ್ರಿ ತನ್ನ ತಂಗಿಯ ಅಡುಗೆಮನೆಗೆ ಕೆಂಪು ನೆಲ ಹಾಕಲು ಹೊರಟಿದ್ದಾನೆ. ಎಣ್ಣೆ ಯಾವುದು ಅಂತ ಮೂರು ಸಲ ಕೇಳಿದ. ಮೇಣ ಹಚ್ಚುವ ದಿನ ನಾನೇ ತರ್ತೀನಿ ಅಂದಿದ್ದೇನೆ.