ತೂಕದ ಮೆಷಿನ್ ಕೊಳ್ಳೋದು ಹೇಗೆ: ಅಪ್ಪನ ಐದು ಕೆಜಿ ಬಟ್ಟಿನ ಲೆಕ್ಕ

ಅಪ್ಪ ತಿಪಟೂರಿನಲ್ಲಿ 38 ವರ್ಷ ಕಿರಾಣಿ ಅಂಗಡಿ ನಡೆಸಿದವರು. ತಕ್ಕಡಿ ಹಿಡಿದೇ ಪಳಗಿದ ಕೈ. ಅಂಥವರಿಗೆ ನಾನು ತಂದುಕೊಟ್ಟ ಮೊದಲ ತೂಕದ ಮೆಷಿನ್ ಒಂಬತ್ತು ದಿನ ಸುಳ್ಳು ಹೇಳಿತು.

ಕಳೆದ ವರ್ಷ ಅವರ ಹೃದಯದ ಪಂಪಿಂಗ್ ಕಡಿಮೆಯಾಗಿದೆ ಅಂತ ಗೊತ್ತಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆ ಚೀಟಿಯ ಜೊತೆ ಒಂದು ಮಾತು ಹೇಳಿದರು: "ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಿ." ಅಷ್ಟು ಬೇಗ ಕೊಬ್ಬು ಏರಲ್ಲ. ಏರೋದು ಮೈಯಲ್ಲಿ ನಿಂತ ನೀರು. ಕಾಲು ಊದುವ, ಉಸಿರು ಕಟ್ಟುವ ಮೊದಲೇ ಎಷ್ಟೋ ಸಲ ತೂಕ ಅದನ್ನು ಹೇಳಿಬಿಡುತ್ತದೆ. ನಿಮ್ಮ ಮನೆಯವರಿಗೆ ಎಷ್ಟು ಏರಿದರೆ ಫೋನ್ ಮಾಡಬೇಕು ಅಂತ ಅವರ ಡಾಕ್ಟರನ್ನೇ ಕೇಳಿ, ಎಲ್ಲರಿಗೂ ಒಂದೇ ಲೆಕ್ಕ ಇರಲ್ಲ.

ನಾನು ಅವತ್ತು ರಾತ್ರಿಯೇ ಫೋನಿನಲ್ಲಿ ಫೋಟೋ ನೋಡಿ, ಚೆಂದದ ಗಾಜಿನದೊಂದನ್ನು ತರಿಸಿದೆ. ಮೊದಲ ದಿನ 64.2. ಮರುದಿನ 64.2. ನನಗೋ ಖುಷಿ, ಎಷ್ಟು ಕರೆಕ್ಟಾಗಿದೆ ಅಂತ. ಒಂಬತ್ತನೇ ದಿನ ಅಪ್ಪ ಮೆಷಿನ್ ಮೇಲಿಂದ ಇಳಿದು ಅದನ್ನೇ ದಿಟ್ಟಿಸಿ ನೋಡಿದರು. "ಇದು ತೂಗ್ತಾ ಐತೋ, ನಿದ್ದೆ ಮಾಡ್ತಾ ಐತೋ? ದಿನಾ ಒಂದೇ ತೂಕ ಇರಾಕೆ ನಾನೇನು ಕಬ್ಬಿಣದ ಬಟ್ಟಾ?"

ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ನಿಂತರು. 64.2. ಆಮೇಲೆ ಅಟ್ಟದಿಂದ ಅಂಗಡಿಯ ಹಳೇ ಐದು ಕೆಜಿ ಬಟ್ಟನ್ನು ನನ್ನ ಕೈಲಿ ಇಳಿಸಿದರು. ಆರು ಮೂಲೆಯ ಎರಕದ ಬಟ್ಟು, ಗುಳಿಯಲ್ಲಿ ತುಂಬಿದ ಸೀಸದ ಮೇಲೆ ತೂಕ-ಅಳತೆ ಇಲಾಖೆಯ ಮುದ್ರೆ ಇನ್ನೂ ಮಸುಕಾಗಿ ಕಾಣುತ್ತದೆ. ನಾನು ಅದನ್ನು ಹಿಡಿದು ಮೆಷಿನ್ ಮೇಲೆ ನಿಂತೆ, ಇಳಿದೆ. ಅಪ್ಪ ಮತ್ತೆ ನಿಂತರು. ಈ ಸಲ 64.8!

ಆಗಿದ್ದು ಇಷ್ಟು. ಕೆಲವು ಡಿಜಿಟಲ್ ಮೆಷಿನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡಿರುತ್ತವೆ. ಹೊಸ ತೂಕ ಅದಕ್ಕೆ ಹತ್ತಿರ ಇದ್ದರೆ ಹಳೇ ನಂಬರನ್ನೇ ಮತ್ತೆ ತೋರಿಸುತ್ತವೆ. ಎರಡು ಸಲ ನಿಂತಾಗ ಎರಡು ನಂಬರ್ ಬಂದರೆ ಗಿರಾಕಿ ಬೈತಾನೆ ಅಲ್ವಾ, ಅದಕ್ಕೆ ಈ ಉಪಾಯ. ಸುಮ್ನೆ ಕುತೂಹಲಕ್ಕೆ ತೂಕ ನೋಡೋರಿಗೆ ಇದರಿಂದ ನಷ್ಟವಿಲ್ಲ. ಆದರೆ ದಿನಕ್ಕಿಷ್ಟು ಅಂತ ಮೆಲ್ಲಗೆ ಏರುವ ನೀರನ್ನು ಹಿಡಿಯಬೇಕಾದ ಮನೆಯಲ್ಲಿ ಇಂಥ ಮೆಷಿನ್ ಇಟ್ಟುಕೊಂಡು ಏನು ಮಾಡೋದು?

ಎರಡನೇ ಸಲ ನಾನು ಬ್ಯಾಗಿನಲ್ಲಿ ಸೀಲ್ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ಇಟ್ಟುಕೊಂಡು ಅಂಗಡಿಗೇ ಹೋದೆ. ನೀವೂ ಹಾಗೇ ಮಾಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಬಾಟಲಿಯದು ಕೆಲವೇ ಗ್ರಾಂ. ಮೊದಲು ಬರಿಗೈಲಿ ಮೂರು ಸಲ ಹತ್ತಿ ಇಳಿಯಿರಿ. ನಂಬರ್ 100 ಗ್ರಾಂ ಆಚೀಚೆ ಆದರೆ ತೊಂದರೆಯಿಲ್ಲ, ಅರ್ಧ ಕೆಜಿ ಕುಣಿದರೆ ಬೇಡ. ಆಮೇಲೆ ಬಾಟಲಿ ಹಿಡಿದು ನಿಲ್ಲಿ. ಸರಿಯಾಗಿ ಒಂದು ಕೆಜಿ ಏರಬೇಕು, 100 ಗ್ರಾಂ ಹೆಚ್ಚುಕಡಿಮೆ ಇರಲಿ. ಈಗ ನೆನಪಿನ ಪರೀಕ್ಷೆ: ಬರಿಗೈಲಿ ಒಮ್ಮೆ ನಿಂತು ಇಳಿಯಿರಿ. ಬಾಟಲಿಯಿಂದ ಒಂದು ಲೋಟದಷ್ಟು ಕುಡಿದು ಮತ್ತೆ ಬರಿಗೈಲಿ ನಿಲ್ಲಿ. 200 ಗ್ರಾಂ ಏರಿದ್ದು ಅದಕ್ಕೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಬಾಟಲಿ ಹಿಡಿದು ಒಮ್ಮೆ ಹತ್ತಿ ಇಳಿದು, ಮತ್ತೆ ಬರಿಗೈಲಿ ನಿಂತು ನೋಡಿ. ಈಗ ನಂಬರ್ ಬದಲಾದರೆ ಆ ಮೆಷಿನ್ ನೆನಪಿನ ಮೇಲೆ ಬದುಕುತ್ತಿದೆ ಅಂತ ಅರ್ಥ. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ, ನೋಡಲಿ ಬಿಡಿ. ಆನ್‌ಲೈನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲು, ಬಂದ ದಿನವೇ ಇಷ್ಟನ್ನೂ ಮಾಡಿ ಮುಗಿಸಿ.

ಗಮನಿಸಿ, ನಿಮ್ಮ ನಿಜವಾದ ತೂಕವನ್ನು ಅದು ಹೇಳುತ್ತಾ ಅಂತ ನಾನು ನೋಡಲೇ ಇಲ್ಲ. ಆಸ್ಪತ್ರೆಯ ಮೆಷಿನ್ 65 ಅಂದು ಮನೆಯದು 64.5 ಅಂದರೆ ಅಂದುಕೊಳ್ಳಲಿ. ದಿನಾ ಅದೇ ಅರ್ಧ ಕೆಜಿ ಕಡಿಮೆ ತೋರಿಸಿದರೆ ಏರಿಳಿತ ಸರಿಯಾಗಿಯೇ ಸಿಗುತ್ತದೆ. ಮನೆಯ ಮೆಷಿನಿಗೂ ಆಸ್ಪತ್ರೆಯದಕ್ಕೂ ತಾಳೆ ಹಾಕಿ ಕಂಗಾಲಾಗಬೇಡಿ.

ನಂಬರ್ ಕಾಣಬೇಕು. ಇದು ಚಿಕ್ಕ ವಿಷಯ ಅಂದುಕೊಂಡಿದ್ದೆ. ಆ ಗಾಜಿನ ಮೆಷಿನ್‌ನಲ್ಲಿ ನಂಬರ್ ಬೆರಳಗಲ, ಬೆಳಕಿಲ್ಲ, ನೋಡುವಷ್ಟರಲ್ಲಿ ಆರಿಹೋಗುತ್ತಿತ್ತು. ಅಪ್ಪ ಓದಲು ಬಗ್ಗುತ್ತಿದ್ದರು, ಬಗ್ಗಿದ ತಕ್ಷಣ ತೂಗಾಟ. ವಯಸ್ಸಾದವರಿಗೆ ಕೊಳ್ಳುವುದಾದರೆ ಹಿಂದಿನಿಂದ ಬೆಳಕು ಬರುವ, ದೊಡ್ಡ ಅಕ್ಷರದ್ದನ್ನೇ ಕೊಳ್ಳಿ. ಅವರ ಕನ್ನಡಕ ತೆಗೆಸಿ, ನಿಲ್ಲಿಸಿ, ಓದಿಸಿ ನೋಡಿ. ಮೇಲ್ಮೈ ನುಣುಪಾದ ಗಾಜಾದರೆ ಒದ್ದೆ ಕಾಲು ಜಾರುತ್ತದೆ. ತರಿತರಿಯಾದದ್ದು, ಇಲ್ಲವೇ ರಬ್ಬರ್ ಹೊದಿಕೆ ಇರುವುದು ವಾಸಿ. ಎರಡು ಪಾದ ಆರಾಮಾಗಿ ಊರುವಷ್ಟು ಅಗಲವೂ ಇರಲಿ.

ಮುಳ್ಳಿನ ಮೆಷಿನ್ ಬಗ್ಗೆ ಕೇಳುತ್ತಾರೆ. ಬ್ಯಾಟರಿ ಬೇಡ, ನಿಜ. ಆದರೆ ಒಳಗಿರೋದು ಸ್ಪ್ರಿಂಗ್, ಬರಬರುತ್ತಾ ಸಡಿಲಾಗುತ್ತದೆ. ಸೊನ್ನೆಗೆ ತರುವ ಚಕ್ರವನ್ನು ಆಗಾಗ ತಿರುಗಿಸಬೇಕು. ಓರೆಯಾಗಿ ನೋಡಿದರೆ ಒಂದು ಕೆಜಿ ಆಚೀಚೆ. ಎರಡು ಕೆಜಿ ಹಿಡಿಯಬೇಕಾದ ನಮಗೆ ಅದು ಆಗಲ್ಲ.

ಇನ್ನು ಕೊಬ್ಬು, ಮೂಳೆ, ನೀರು ಎಲ್ಲವನ್ನೂ ಹೇಳುವ ಸ್ಮಾರ್ಟ್ ಮೆಷಿನ್. ಅದು ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಸಿ ಅಂದಾಜು ಕಟ್ಟುತ್ತದೆ. ಅಂದಾಜು ಅಷ್ಟೇ. ನೀರು ಕಡಿಮೆ ಕುಡಿದ ದಿನ ಒಂದು ಹೇಳುತ್ತದೆ, ಕುಡಿದ ದಿನ ಇನ್ನೊಂದು. ಪೇಸ್‌ಮೇಕರ್ ಇರುವವರು ಅದರ ಮೇಲೆ ನಿಲ್ಲಲೇಬಾರದು, ಡಬ್ಬಿಯ ಮೇಲೂ ಸಾಮಾನ್ಯವಾಗಿ ಬರೆದಿರುತ್ತದೆ. ಹೃದಯದ ಕಾಯಿಲೆ ಇರುವ ಮನೆಯಲ್ಲಿ ಇವತ್ತು ಇಲ್ಲದ ಪೇಸ್‌ಮೇಕರ್ ನಾಳೆ ಬರಬಹುದು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಬ್ಯಾಟರಿ ನೋಡಿ ಕೊಳ್ಳಿ. ಗಡಿಯಾರ, ಟಿವಿ ರಿಮೋಟಿಗೆ ಹಾಕುವ ಸೆಲ್ ಆದರೆ ಬೀದಿ ಕೊನೆಯ ಅಂಗಡಿಯಲ್ಲೂ ಸಿಗುತ್ತದೆ. ಬಿಲ್ಲೆ ಸೆಲ್ ಆದರೆ ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ತಂದ ಮೇಲೆ ಎಲ್ಲಿ ಇಡುತ್ತೀರಿ? ಹೆಸರು ಬಾತ್‌ರೂಮ್ ಸ್ಕೇಲ್ ಅಂತಿದ್ದರೂ ನಮ್ಮ ಬಚ್ಚಲಲ್ಲಿ ಇಡಬೇಡಿ. ಹಬೆ, ನೀರು ಒಳಗೆ ಹೋಗಿ ಕೆಡುತ್ತದೆ, ಜೊತೆಗೆ ನೀರು ಹರಿಯಲೆಂದು ನೆಲ ಇಳಿಜಾರಾಗಿರುತ್ತದೆ. ಮೆಷಿನಿನ ನಾಲ್ಕು ಕಾಲಲ್ಲೂ ಒಂದೊಂದು ಲೋಹದ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ಅಳೆದು, ನಾಲ್ಕನ್ನೂ ಕೂಡಿಸಿ ನಂಬರ್ ಬರುತ್ತದೆ. ಒಂದು ಕಾಲು ಟೈಲ್ಸಿನ ಸಂದಿಗೋ ಚಾಪೆಯ ಅಂಚಿಗೋ ಸಿಕ್ಕಿದರೆ ಲೆಕ್ಕ ಕೆಟ್ಟಿತು. ನಾವು ನಡುಮನೆಯ ಗೋಡೆ ಪಕ್ಕ ಸಮತಟ್ಟಾದ ಒಂದು ಟೈಲ್ಸ್ ಆರಿಸಿ, ನಾಲ್ಕು ಮೂಲೆಗೂ ಉಗುರುಬಣ್ಣದಲ್ಲಿ ಗುರುತು ಹಾಕಿದ್ದೇವೆ. ಗುಡಿಸುವವರು ಸರಿಸಿದರೆ ಮತ್ತೆ ಅಲ್ಲೇ ಇಟ್ಟು, ಕಾಲಿನಿಂದ ಒಮ್ಮೆ ಒತ್ತಿ, ಸೊನ್ನೆ ಬಂದು ಆರಿದ ಮೇಲೆಯೇ ಹತ್ತಬೇಕು. ಎತ್ತಿಟ್ಟ ಕೂಡಲೇ ಹತ್ತಿದರೆ ಮೊದಲ ನಂಬರ್ ನಂಬಬೇಡಿ.

ಗೋಡೆ ಪಕ್ಕ ಯಾಕೆಂದರೆ ಅಪ್ಪನಿಗೆ ಹತ್ತುವಾಗ ಆಸರೆ ಬೇಕು. ಆದರೆ ನಂಬರ್ ಬರುವಾಗ ಕೈ ಬಿಡಬೇಕು. ಹೊಸ ಮೆಷಿನ್ ಬಂದ ಮೊದಲ ವಾರ ಕಿಟಕಿ ಸರಳು ಹಿಡಿದೇ ನಿಂತು ಮೂರು ಕೆಜಿ ಇಳಿದಿದ್ದರು!

ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಬನಿಯನ್ನು ಮತ್ತು ಪಂಚೆಯಲ್ಲಿ. ದಿನಾ ಅದೇ ಹೊತ್ತು, ಅದೇ ಬಟ್ಟೆ. ತೂಕ ಇಳಿಸಲು ನೋಡುವವರೂ ಹೀಗೇ ಮಾಡಿ, ಆದರೆ ವಾರದ ಸರಾಸರಿ ಮಾತ್ರ ನೋಡಿ. ಮದುವೆಮನೆಯ ಊಟದ ಮರುದಿನ ಒಂದು ಕೆಜಿ ಏರಿದ್ದರೆ ಬಹುಪಾಲು ಉಪ್ಪು ಹಿಡಿದಿಟ್ಟ ನೀರು, ಎರಡು ದಿನಕ್ಕೆ ಇಳಿಯುತ್ತದೆ.

ಬರೆಯಲು ನಾನು ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟೆ. ಅಪ್ಪ ಅದನ್ನು ಮುಟ್ಟಲಿಲ್ಲ. ಅಂಗಡಿಯ ಉಳಿದ ಖಾತೆ ಪುಸ್ತಕದಲ್ಲಿ ತಾರೀಕು, ತೂಕ, ಹಿಂದಿನ ದಿನಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅಂತ ಮೂರು ಸಾಲು ಎಳೆದಿದ್ದಾರೆ. ಪ್ರತಿ ತಿಂಗಳ ಒಂದನೇ ತಾರೀಕು ನಾನು ಬಟ್ಟು ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಲ್ಲಬೇಕು, ಅವರು ಕಳೆದು ನೋಡುತ್ತಾರೆ. ಈ ತಿಂಗಳು 4.9 ಬಂತು. "ನೂರು ಗ್ರಾಂ ಯಾರ್ ತಿಂದ್ರು?" ಅಂತ ಕೇಳಿ, ಹಾಗೆಯೇ ಬರೆದುಕೊಂಡರು.