ನೀರು ಬಿಡಿಸಲು ಹೋಗಿ

ರೋಮ್‌ನ ರಿಪಬ್ಲಿಕಾ ಚೌಕದ ಕಾರಂಜಿಯನ್ನು ಪೆನ್ಸಿಲ್‌ನಲ್ಲಿ ಬಿಡಿಸಲು ನನಗೆ ಮೂರು ಬೆಳಗು ಹಿಡಿಯಿತು. ಮೊದಲೆರಡು ಹಾಳೆ ಕಸದ ಬುಟ್ಟಿ ಸೇರಿದವು.

ನಾನು ಹೋಗಿದ್ದು ಗ್ರೀಕ್ ಕಥೆಗಳ ಕಡಲಿನ ಹೆಣ್ಣುಗಳನ್ನು ಬಿಡಿಸಲು. ಅಲ್ಲಿ ನಾಲ್ಕು ಕಂಚಿನ ಹೆಣ್ಣುಗಳಿದ್ದಾರೆ ನಿಜ, ಆದರೆ ಕಡಲಿನವಳು ಒಬ್ಬಳೇ, ಕುದುರೆಯ ಜೊತೆಗಿರುವವಳು. ಹಂಸದವಳು ಸರೋವರದವಳು. ಉಳಿದಿಬ್ಬರು ನದಿಗೆ ಮತ್ತು ನೆಲದಡಿಯ ನೀರಿಗೆ ಸೇರಿದವರು. ಸಿಹಿನೀರಿನವರನ್ನು ಗ್ರೀಕರು ನಯಾಡ್ ಅಂತಾರೆ, ಕಾರಂಜಿಗೂ ಅದೇ ಹೆಸರು. ಕಡಲಿನ ನೆರೆಯಿಡ್‌ಗಳು ಬೇರೆ, ಅವರು ನೆರೆಯಸ್‌ನ 50 ಹೆಣ್ಣುಮಕ್ಕಳು. ಅಂದಹಾಗೆ, ಮತ್ಸ್ಯಕನ್ಯೆ ಅಂದರೆ ನಮಗೆ ನೆನಪಾಗುವ ಬಾಲ ಈ ನಾಲ್ವರಿಗೂ ಇಲ್ಲ.

ಬಟ್ಟೆಯೂ ಇಲ್ಲ. ಪಲೆರ್ಮೊದ ಶಿಲ್ಪಿ ಮಾರಿಯೊ ರುತೆಲ್ಲಿ ಇವರನ್ನು ಮಾಡಿದಾಗ ಊರಲ್ಲಿ ದೊಡ್ಡ ಗಲಾಟೆ ಎದ್ದು, ಸುತ್ತಲೂ ಹಲಗೆಯ ಬೇಲಿ ನಿಂತಿತ್ತು. 1901ರಲ್ಲಿ ಪಡ್ಡೆ ಹುಡುಗರು ಆ ಬೇಲಿ ಕಿತ್ತು ಹಾಕಿದರು ಅಂತ ಹೇಳುತ್ತಾರೆ. ಕಾರಂಜಿಯ ನಡುವೆ ಇಡಲು ರುತೆಲ್ಲಿ ಮೊದಲು ಮಾಡಿದ ಶಿಲ್ಪಗಳ ಗುಂಪನ್ನು ರೋಮಿನ ಜನ 'ಫ್ರಿತ್ತೊ ಮಿಸ್ತೊ' ಅಂದರಂತೆ. ಮೀನು, ಸಿಗಡಿ ಎಲ್ಲ ಸೇರಿಸಿ ಕರಿದ ತಿಂಡಿ ಅದು! ಆ ಗುಂಪು ಈಗ ವಿತ್ತೋರಿಯೊ ಚೌಕದ ಪಾರ್ಕಿನಲ್ಲಿದೆ. ಅದರ ಬದಲು ಕಾರಂಜಿಯ ನಡುವೆ ನಿಂತಿರುವುದು ಮೀನನ್ನು ಬಿಗಿಯಾಗಿ ಹಿಡಿದ ಕಡಲದೇವ ಗ್ಲೌಕಸ್.

ಮೊದಲ ದಿನ ಚೌಕದ ಅಂಚಿನ ಕಮಾನುಗಳ ಕೆಳಗೆ ಕೂತೆ. ಮಧ್ಯೆ ಬಸ್ಸು, ಸ್ಕೂಟರ್ ಸುತ್ತುತ್ತಲೇ ಇದ್ದವು, ಸರಿಯಾಗಿ ಕಾಣಲೇ ಇಲ್ಲ. ಮರುದಿನ ಹತ್ತಿರ ಹೋದೆ. ಕಡಲಿನವಳು ಬೆನ್ನು ಬಾಗಿಸಿರುವ ರೀತಿ ಚೆನ್ನಾಗಿಯೇ ಸಿಕ್ಕಿತು. ಆಮೇಲೆ ಸುಮ್ನೆ ಇರಲಾರದೆ ನೀರಿನ ಒಂದೊಂದು ಎಳೆಯನ್ನೂ ಗೀಚಿದೆ. ಶಾವಿಗೆ ಒಣಹಾಕಿದ ಹಾಗಾಯಿತು.

ಮೂರನೆಯ ದಿನ ಕೈ ಕಟ್ಟಿ ಅರ್ಧ ಗಂಟೆ ನೋಡಿದೆ. ಕಂಚು ಒದ್ದೆಯಾದಾಗ ಕಪ್ಪಾಗುತ್ತದೆ. ನೀರು ಬಿಳಿಯಾಗಿ ಕಾಣುವುದು ಹಿಂದೆ ಆ ಕಪ್ಪು ಇರುವುದರಿಂದ. ಹಾಗಾದರೆ ನೀರನ್ನು ಬಿಡಿಸುವ ಕೆಲಸವೇ ಇಲ್ಲ, ಅಲ್ವಾ? ಕಪ್ಪಾಗಿ ಮೂಡುವ ಮೆದು 6ಬಿ ಪೆನ್ಸಿಲ್‌ನಿಂದ ಮೈಯನ್ನು ಗಾಢವಾಗಿ ತುಂಬಿದೆ, ನೀರು ಬೀಳುವಲ್ಲಿ ಹಾಳೆಯನ್ನು ಖಾಲಿ ಬಿಟ್ಟೆ. ಹೆಗಲಿನ ಹೊಳಪನ್ನು ರಬ್ಬರ್‌ನ ಚೂಪು ಮೂಲೆಯಿಂದ ಒಂದೇ ಎಳೆತಕ್ಕೆ ತೆಗೆದೆ. ಎರಡನೆಯ ಸಲ ಉಜ್ಜಿದರೆ ಮಬ್ಬಾಗುತ್ತದೆ.

ಗ್ಲೌಕಸ್‌ನ ಮೀನಿನಿಂದ ಮೇಲೆ ಚಿಮ್ಮುವ ನೀರಿಗೆ ಮಾತ್ರ ಹಿಂದೆ ಕಪ್ಪಿಲ್ಲ, ಬರೀ ಆಕಾಶ. ಅದಕ್ಕಾಗಿ ಆಕಾಶಕ್ಕೇ ತೆಳುವಾಗಿ ಬೂದು ಹಚ್ಚುತ್ತಿದ್ದೆ. ಅಷ್ಟರಲ್ಲಿ ಗಾಳಿ ತಿರುಗಿ ಹನಿಗಳು ಹಾಳೆ ಮೇಲೆ ಬಿದ್ದವು. ಆ ಮೂಲೆ ಈಗಲೂ ಸುಕ್ಕಾಗಿಯೇ ಇದೆ.