ಮೂರು ಸಾವಿರ ಅಡಿ ಎತ್ತರದ ನೆಲಕ್ಕೆ ಸಣ್ಣ ವಿಮಾನ ಇಳಿಸುವುದು

ಟೇಕಾಫ್ ನಾಲ್ಕೈದು ಪಾಠಕ್ಕೆ ಕೈಗೆ ಹತ್ತುತ್ತದೆ. ಲ್ಯಾಂಡಿಂಗ್ ಹಾಗಲ್ಲ. ನಿನ್ನೆ ಹತ್ತಿ ಮೇಲೆ ಇಟ್ಟ ಹಾಗೆ ಇಳಿದವರು ಇವತ್ತು ಮೂರು ಸಲ ಪುಟಿಸುತ್ತಾರೆ. ದೋಷ ಕಾಣುವುದು ಕೊನೆಯ ಹತ್ತು ಅಡಿಯಲ್ಲಿ, ಹುಟ್ಟಿರುವುದು ಮಾತ್ರ ಅದಕ್ಕಿಂತ ಎರಡು ಮೈಲು ಹಿಂದೆ. ಆದ್ದರಿಂದ ಹಿಂದಿನಿಂದಲೇ ಶುರು ಮಾಡೋಣ.

ಹಾಸನದ ನೆಲ ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಮೇಲಿದೆ, ಚಿಕ್ಕಮಗಳೂರು 3,500 ಅಡಿ. ಈ ಕಡೆಯವರು ಕಲಿಯಲು ಹೋಗುವ ಬೆಂಗಳೂರಿನ ಜಕ್ಕೂರು ಕೂಡ 3,000 ಅಡಿಯ ಆಸುಪಾಸಿನಲ್ಲೇ ಇದೆ, ಮೈಸೂರಿನ ಮಂಡಕಳ್ಳಿ ಸ್ವಲ್ಪ ಕೆಳಗೆ. ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಬಿಸಿಲಿದೆ ಎನ್ನಿ. 3,100 ಅಡಿಯಲ್ಲಿ ಇರಬೇಕಾದ ಪ್ರಮಾಣಿತ ತಾಪಮಾನ ಸುಮಾರು 9 ಡಿಗ್ರಿ. ಮಿಕ್ಕ 23 ಡಿಗ್ರಿಯನ್ನು 120ರಿಂದ ಗುಣಿಸಿ ನೆಲದ ಎತ್ತರಕ್ಕೆ ಸೇರಿಸಿದರೆ 5,900 ಅಡಿ ಹತ್ತಿರ ಬರುತ್ತದೆ. ರೆಕ್ಕೆ, ಎಂಜಿನ್, ಪ್ರೊಪೆಲ್ಲರ್ ಮೂರೂ ತಾವು ಅಷ್ಟು ಎತ್ತರದಲ್ಲಿದ್ದೇವೆ ಎಂದೇ ವರ್ತಿಸುತ್ತವೆ.

ಇದರಿಂದ ಆಗುವುದಿಷ್ಟು: ಏರ್‌ಸ್ಪೀಡ್ ಮುಳ್ಳು 65 ನಾಟ್ ತೋರಿಸುವಾಗ ಗಾಳಿಯಲ್ಲಿ ನಿಮ್ಮ ನಿಜವಾದ ವೇಗ 71. ಗಾಳಿ ಬೀಸದಿದ್ದರೆ ನೆಲವೂ ಅದೇ 71ರಲ್ಲಿ ಹಿಂದಕ್ಕೆ ಓಡುತ್ತದೆ. ಕಣ್ಣು 'ಜಾಸ್ತಿ ಆಯಿತು' ಎನ್ನುತ್ತದೆ, ಕೈ ತಾನಾಗಿ ಯೋಕ್ (ಮೂತಿ ಏರಿಸಿಳಿಸುವ, ರೆಕ್ಕೆ ವಾಲಿಸುವ ಹಿಡಿ) ಹಿಂದಕ್ಕೆ ಎಳೆಯುತ್ತದೆ, ಮುಳ್ಳು 58ಕ್ಕೆ ಬೀಳುತ್ತದೆ. ಕರಾವಳಿಯಲ್ಲಿ ಕಲಿತು ಬಂದವರಿಗಂತೂ ಇದು ಮೊದಲ ಗುಂಡಿ. ಎತ್ತರದ ನೆಲದಲ್ಲಿ ಮುಳ್ಳನ್ನು ನಂಬಿ, ಕಣ್ಣನ್ನಲ್ಲ. ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು, ಮುಳ್ಳಿನ ಲೆಕ್ಕದಲ್ಲೇ, ಅದು ಎತ್ತರಕ್ಕೆ ಬದಲಾಗುವುದಿಲ್ಲ. ಬದಲಾಗುವುದು ನೆಲದ ಮೇಲಿನ ಓಟ: ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ರನ್‌ವೇ ತಿನ್ನುತ್ತದೆ.

ಎತ್ತರ ತೋರಿಸುವ ಆಲ್ಟಿಮೀಟರ್ ವಿಷಯದಲ್ಲೂ ಒಂದು ಎಚ್ಚರ. ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯೊತ್ತಡ) ಹಾಕಿದರೆ ನೆಲದ ಮೇಲೇ ಅದು 3,100 ತೋರಿಸುತ್ತದೆ, ಅಂದರೆ ಸಾವಿರ ಅಡಿಯ ಸರ್ಕ್ಯೂಟ್ 4,100ರಲ್ಲಿ. ಸರ್ಕ್ಯೂಟ್ ಎಂದರೆ ಇಳಿಯುವ ಮುನ್ನ ರನ್‌ವೇ ಪಕ್ಕದಲ್ಲಿ ಹಾಕುವ ಸುತ್ತು: ಇಳಿಯುವ ದಿಕ್ಕಿಗೆ ವಿರುದ್ಧವಾಗಿ ರನ್‌ವೇಗೆ ಸಮಾನಾಂತರ ಹಾರುವುದು ಡೌನ್‌ವಿಂಡ್, ಅಲ್ಲಿಂದ ಅಡ್ಡಕ್ಕೆ ತಿರುಗಿದ್ದು ಬೇಸ್, ರನ್‌ವೇ ನೇರಕ್ಕೆ ಇಳಿಯುವುದು ಫೈನಲ್. ಬೇಸ್‌ಗೆ ತಿರುಗುವ ಎತ್ತರ, 300 ಅಡಿಯ ಗಡಿ (ಅಷ್ಟರೊಳಗೆ ವೇಗ, ದಾರಿ ಸ್ಥಿರವಾಗದಿದ್ದರೆ ಇಳಿಯುವುದನ್ನು ಕೈಬಿಡುವ ಎತ್ತರ), ಎರಡಕ್ಕೂ ನೆಲದ ಎತ್ತರ ಕೂಡಿಸಿ ಚೀಟಿಯಲ್ಲಿ ಬರೆದು ಮೊಣಕಾಲಿಗೆ ಕಟ್ಟಿಕೊಳ್ಳಿ. ಫೈನಲ್‌ನಲ್ಲಿ ಕೂಡುವ ಲೆಕ್ಕ ಮಾಡುವುದು ಬೇಡ.

ಮುಂದಿನ ಅಂಕಿಗಳು ಸೆಸ್ನಾ 172ರವು. ನಿಮ್ಮದು ಬೇರೆ ವಿಮಾನವಾದರೆ ಅದರ ಕೈಪಿಡಿಯ ಅಂಕಿಯೇ ಅಂತಿಮ. ಡೌನ್‌ವಿಂಡ್‌ನಲ್ಲಿ ರನ್‌ವೇ ತುದಿಯ ನೇರಕ್ಕೆ ಬಂದಾಗ, ಕಾರ್ಬುರೇಟರ್ ಇರುವ ಎಂಜಿನ್ ಆದರೆ ಮೊದಲು ಕಾರ್ಬ್ ಹೀಟ್ (ಕಾರ್ಬುರೇಟರ್‌ಗೆ ಬಿಸಿಗಾಳಿ ಬಿಡುವ ಗುಂಡಿ) ಎಳೆಯಿರಿ, ಆಮೇಲೆ ಪವರ್ ಸುಮಾರು 1,500 ಆರ್‌ಪಿಎಂಗೆ ಇಳಿಸಿ. ಈ ಕ್ರಮ ತಪ್ಪಬಾರದು. ಮಳೆಗಾಲದ ಮಲೆನಾಡಿನ ತೇವದ ಗಾಳಿಯಲ್ಲಿ ಹೊರಗೆ 20 ಡಿಗ್ರಿ ಇದ್ದರೂ ಕಾರ್ಬುರೇಟರ್ ಒಳಗೆ ಮಂಜು ಕಟ್ಟುತ್ತದೆ, ಥ್ರಾಟಲ್ ಮುಚ್ಚಿದಾಗ ಇನ್ನೂ ಹೆಚ್ಚು. ಏರ್‌ಸ್ಪೀಡ್ ಮುಳ್ಳು ಬಿಳಿ ಪಟ್ಟಿಯೊಳಗೆ (ಫ್ಲಾಪ್ ಇಳಿಸಬಹುದಾದ ವೇಗಗಳ ಗುರುತು) ಬಂದ ಮೇಲೆ 10 ಡಿಗ್ರಿ ಫ್ಲಾಪ್ (ರೆಕ್ಕೆಯ ಹಿಂಬದಿ ಅಂಚಿನಲ್ಲಿ ಕೆಳಕ್ಕೆ ಬಾಗುವ ಭಾಗ), ವೇಗ 80. ಬೇಸ್‌ನಲ್ಲಿ 20 ಡಿಗ್ರಿ, ವೇಗ 70. ಫೈನಲ್‌ನಲ್ಲಿ ಪೂರ್ತಿ ಫ್ಲಾಪ್, 65. ಪ್ರತಿ ಸಲವೂ ಟ್ರಿಮ್ ಮಾಡಿ, ಅಂದರೆ ಟ್ರಿಮ್ ಚಕ್ರ ತಿರುಗಿಸಿ ಯೋಕ್ ಮೇಲಿನ ಒತ್ತಡ ತೆಗೆಯಿರಿ. ಎರಡು ಬೆರಳಲ್ಲಿ ಯೋಕ್ ಹಿಡಿಯುವಷ್ಟು ಹಗುರವಾಗದಿದ್ದರೆ ಟ್ರಿಮ್ ಮುಗಿದಿಲ್ಲ ಎಂದರ್ಥ. ಮುಷ್ಟಿ ಬಿಗಿದವರಿಗೆ ವೇಗ ನಿಲ್ಲುವುದಿಲ್ಲ.

ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ಗಾಳಿ ತಳ್ಳಿ ರನ್‌ವೇ ಗೆರೆ ದಾಟಿಹೋದರೆ ವಿಮಾನವನ್ನು ಇನ್ನಷ್ಟು ವಾಲಿಸುವ, ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿ ತಿರುಗಿಸುವ ಚಪಲ ಬೇಡ. ಸ್ಟಾಲ್ ಆಗಿ ಗಿರಗಿರನೆ ತಿರುಗುತ್ತಾ ಬೀಳುವ ಸ್ಪಿನ್ ಆಗುವುದು ಇಲ್ಲೇ, ಚೇತರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ. ವಾಲಿಕೆ 30 ಡಿಗ್ರಿ ಮೀರದಿರಲಿ. ದಾಟಿಹೋದರೆ ಹೋಗಲಿ, ನಿಧಾನಕ್ಕೆ ಗೆರೆಗೆ ಮರಳಿ, ಇಲ್ಲವೇ ಇನ್ನೊಂದು ಸುತ್ತು ಹಾಕಿ.

ಫೈನಲ್‌ನಲ್ಲಿ ಗಾಜಿನ ಮೇಲೆ ಅಲ್ಲಾಡದೆ ನಿಂತ ಜಾಗವೇ ನೀವು ತಲುಪುವ ಜಾಗ. ರನ್‌ವೇ ಸಂಖ್ಯೆ ಗಾಜಿನಲ್ಲಿ ಮೇಲಕ್ಕೆ ಜಾರಿದರೆ ನೀವು ಅದಕ್ಕಿಂತ ಮುಂಚೆಯೇ ನೆಲ ಸೇರುತ್ತೀರಿ, ಪವರ್ ಕೊಡಿ. ಕೆಳಕ್ಕೆ ಜಾರಿದರೆ ದಾಟಿ ಹೋಗುತ್ತೀರಿ, ಪವರ್ ತೆಗೆಯಿರಿ. ಇಳಿಯುವ ದರಕ್ಕೆ ಸುಲಭದ ಲೆಕ್ಕ: ನೆಲದ ವೇಗವನ್ನು ಐದರಿಂದ ಗುಣಿಸಿ. 71 ನಾಟ್‌ಗೆ ನಿಮಿಷಕ್ಕೆ 350 ಅಡಿ, ಮೂರು ಡಿಗ್ರಿ ಇಳಿಜಾರು ಸಿಗುತ್ತದೆ. 65 ಇರಬೇಕಾದಲ್ಲಿ 75 ಇದ್ದರೆ ಶಕ್ತಿ ಮೂರನೇ ಒಂದು ಪಾಲು ಹೆಚ್ಚು. ಆ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುನ್ನ ಮೂತಿ ಎತ್ತಿ ಇಳಿತ ತಡೆಯುವ ಹಂತ) ತೇಲಿಸುತ್ತಾ ರನ್‌ವೇ ನುಂಗುತ್ತದೆ. 'ಇರಲಿ ಸ್ವಲ್ಪ ಹೆಚ್ಚು' ಎಂದು ಐದೈದು ನಾಟ್ ಸೇರಿಸುವ ಅಭ್ಯಾಸವೇ ಹಲವರ ಲ್ಯಾಂಡಿಂಗ್ ಕೆಡಿಸುವುದು. ಸೇರಿಸಬೇಕಾದದ್ದು ರಭಸಗಾಳಿಯ ಅರ್ಧ ಮಾತ್ರ: 12 ನಾಟ್ ಗಾಳಿ 20ಕ್ಕೆ ಏರುತ್ತಿದ್ದರೆ, ಎಂಟರ ಅರ್ಧ ನಾಲ್ಕು.

ಇನ್ನು ಫ್ಲೇರ್. ಒಂದಂತಸ್ತಿನ ಹೆಂಚಿನ ಮನೆಯ ಮೋಳಿಯಷ್ಟು ಎತ್ತರಕ್ಕೆ, ಅಂದರೆ 10ರಿಂದ 15 ಅಡಿಗೆ ಬಂದಾಗ ಕಣ್ಣನ್ನು ಇಳಿಯುವ ಗುರುತಿನಿಂದ ಕಿತ್ತು ರನ್‌ವೇಯ ಆ ಕೊನೆಗೆ ಹಾಕಿ. ಮೂತಿಯ ಮುಂದಿನ ನೆಲ ನೋಡುತ್ತಿದ್ದರೆ ಅದು ಮಸುಕಾಗಿ ಓಡುತ್ತದೆ, ಎತ್ತರ ತಿಳಿಯುವುದಿಲ್ಲ, ಗಾಬರಿಯಲ್ಲಿ ಬೇಗ ಎಳೆಯುತ್ತೀರಿ. ದೂರ ನೋಡಿದರೆ ರನ್‌ವೇಯ ಎರಡು ಅಂಚುಗಳು ಕಣ್ಣಿನ ಬದಿಯಲ್ಲಿ ನಿಧಾನಕ್ಕೆ ಅಗಲವಾಗುತ್ತಾ ಮೇಲೇಳುವುದು ಗೊತ್ತಾಗುತ್ತದೆ. ಆ ಏರಿಕೆಯೇ ಅಳತೆಗೋಲು. ಥ್ರಾಟಲ್ ಪೂರ್ತಿ ಹಿಂದಕ್ಕೆ. ಈಗ ಇಳಿಸಲು ಹೋಗಬೇಡಿ, ಇಳಿಯದಂತೆ ತಡೆಯಿರಿ. ವಿಮಾನ ಕುಸಿಯಲು ನೋಡಿದಷ್ಟೂ ಯೋಕ್ ಒಂದೊಂದೇ ಅಂಗುಲ ಹಿಂದಕ್ಕೆ ಬರಲಿ. ಮೂತಿ ಮೇಲೆದ್ದು ರನ್‌ವೇಯ ತುದಿಯನ್ನು ಮುಚ್ಚುವ ಹೊತ್ತಿಗೆ ಹಿಂದಿನ ಎರಡು ಚಕ್ರ ನೆಲ ಮುಟ್ಟುತ್ತವೆ, ಸ್ಟಾಲ್ ಹಾರ್ನ್ ಕೂಗುತ್ತಿದ್ದರೂ ಸರಿಯೇ. ಚಕ್ರ ತಾಗಿತೆಂದು ಯೋಕ್ ಬಿಟ್ಟುಬಿಡಬೇಡಿ, ಮೂತಿಯ ಚಕ್ರ ತಾನಾಗಿ ಇಳಿಯಲಿ.

ಫ್ಲೇರ್ ಅಳತೆಯನ್ನು ರನ್‌ವೇ ಅಗಲವೂ ತಪ್ಪಿಸುತ್ತದೆ. ಅಗಲದ ರನ್‌ವೇಗೆ ಒಗ್ಗಿದ ಕಣ್ಣು ಕಿರಿದಾದ ಪಟ್ಟಿ ಕಂಡರೆ ಎತ್ತರದಲ್ಲಿದ್ದೇನೆ ಎಂದುಕೊಂಡು ಕೆಳಗೆ ಕೆಳಗೆ ಬರುತ್ತದೆ, ಫ್ಲೇರ್ ತಡವಾಗುತ್ತದೆ. ಮುಂದಕ್ಕೆ ಏರುಮುಖವಾಗಿರುವ ಪಟ್ಟಿಯಲ್ಲೂ ಇದೇ ಮೋಸ.

ಎಳೆದದ್ದು ಹೆಚ್ಚಾಗಿ ವಿಮಾನ ಮತ್ತೆ ಮೇಲೆದ್ದರೆ ಮೂತಿಯನ್ನು ಒತ್ತಬೇಡಿ. ಇದ್ದ ಭಂಗಿಯಲ್ಲೇ ಹಿಡಿದು, ಚೂರು ಪವರ್ ಕೊಟ್ಟು, ಮತ್ತೆ ಕುಸಿಯಲು ಶುರುವಾದಾಗ ಫ್ಲೇರ್ ಮುಂದುವರಿಸಿ. ಚಕ್ರ ತಾಗಿ ಪುಟಿದರೂ ಅದೇ ಮದ್ದು. ಒತ್ತಿದರೆ ಮೂತಿಯ ಚಕ್ರ ಮೊದಲು ಬಡಿಯುತ್ತದೆ, ಮೊದಲಿಗಿಂತ ಜೋರಾಗಿ ಪುಟಿಯುತ್ತದೆ, ಮೂರನೆಯ ಪುಟಿತಕ್ಕೆ ಪ್ರೊಪೆಲ್ಲರ್ ಡಾಂಬರು ಕೆರೆಯಬಹುದು. ಎರಡನೆಯ ಪುಟಿತ ಕಂಡೊಡನೆ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು), ಚರ್ಚೆ ಬೇಡ.

ಗೋ-ಅರೌಂಡ್ ಎಂದರೆ: ಪೂರ್ತಿ ಥ್ರಾಟಲ್, ಬಲಗಾಲಿನ ರಡ್ಡರ್, ಕಾರ್ಬ್ ಹೀಟ್ ಒಳಗೆ, ಮೂತಿ ಏರುವುದನ್ನು ಯೋಕ್ ಒತ್ತಿ ತಡೆಯುವುದು, ಫ್ಲಾಪ್ ತಕ್ಷಣ 20ಕ್ಕೆ, ಉಳಿದದ್ದು ವೇಗ ಕೂಡಿ ಏರುಗತಿ ಸಿಕ್ಕ ಮೇಲೆ ಹಂತಹಂತವಾಗಿ. ಇಳಿಯಲು ಟ್ರಿಮ್ ಮಾಡಿದ ವಿಮಾನ ಪೂರ್ತಿ ಪವರ್‌ಗೆ ಮೂತಿಯನ್ನು ಆಕಾಶಕ್ಕೆ ಎತ್ತುತ್ತದೆ, ಎರಡೂ ಕೈ ಬೇಕೆನಿಸುವಷ್ಟು. ಇದನ್ನು ಮೊದಲೇ 3,000 ಅಡಿ ಮೇಲೆ ಇನ್‌ಸ್ಟ್ರಕ್ಟರ್ ಜೊತೆ ಅಭ್ಯಾಸ ಮಾಡಿಟ್ಟುಕೊಳ್ಳಿ. ನಮ್ಮ ಎತ್ತರದಲ್ಲಿ ಏರುಗತಿಯೂ ಸೋಮಾರಿ. ಇಳಿಯುವ ಮುನ್ನ ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ ಹೊಂದಿಸುವ ಗುಂಡಿ) ಕಣ್ಣುಮುಚ್ಚಿ ಪೂರ್ತಿ ಒಳಗೆ ತಳ್ಳುವುದು ಇಲ್ಲಿ ಸರಿಯಲ್ಲ. 3,000 ಅಡಿ ಮೀರಿದ ನೆಲದಿಂದ ಟೇಕಾಫ್‌ಗೆ ಗರಿಷ್ಠ ಆರ್‌ಪಿಎಂ ಸಿಗುವಷ್ಟು ತೆಳುಗೊಳಿಸಿ ಎಂದು ಕೈಪಿಡಿ ಹೇಳುತ್ತದೆ. ಗೋ-ಅರೌಂಡ್‌ಗೂ ಬೇಕಾದದ್ದು ಅದೇ ಪವರ್, ಹಾಗಾಗಿ ಮಿಕ್ಸ್ಚರ್ ಆ ಜಾಗದಲ್ಲಿ ಕೂತಿರಲಿ.

ಅಡ್ಡಗಾಳಿಗೆ ಬರೋಣ. ಜಕ್ಕೂರು, ಮಂಡಕಳ್ಳಿ ಎರಡರ ರನ್‌ವೇಯೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ದಾಟಿ ಬರುವ ಪಶ್ಚಿಮ-ನೈಋತ್ಯ ಗಾಳಿ ಹೆಚ್ಚುಪಾಲು ಎದುರಿಂದ ಬಂದರೂ ಓರೆಯಾಗಿರುತ್ತದೆ. ಮೂವತ್ತು ಡಿಗ್ರಿ ಓರೆಗೆ ಗಾಳಿಯ ಅರ್ಧ, 45ಕ್ಕೆ ಹತ್ತರಲ್ಲಿ ಏಳು ಪಾಲು, 60ಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಅಡ್ಡಗಾಳಿ ಎಂದು ನೆನಪಿಡಿ. ರನ್‌ವೇ 27ಕ್ಕೆ (ಅದರ ದಿಕ್ಕು 270 ಡಿಗ್ರಿ) 240 ಡಿಗ್ರಿಯಿಂದ 18 ನಾಟ್ ಬಂದರೆ ಅಡ್ಡಗಾಳಿ 9. ಕೈಪಿಡಿಯ ಪ್ರಕಾರ ಸೆಸ್ನಾ 172ರಲ್ಲಿ ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಗರಿಷ್ಠ ಅಡ್ಡಗಾಳಿ 15, 152ರದು 12. ಕಲಿಯುವವರು ಅದರ ಅರ್ಧಕ್ಕೇ ನಿಲ್ಲುವುದು ಒಳ್ಳೆಯದು.

ಫೈನಲ್‌ನ ಕೊನೆಯ 200 ಅಡಿಯಲ್ಲಿ ರಡ್ಡರ್‌ನಿಂದ ಮೂತಿಯನ್ನು ರನ್‌ವೇ ಗೆರೆಗೆ ನೇರ ಮಾಡಿ, ಏಲೆರಾನ್‌ನಿಂದ (ಯೋಕ್ ಪಕ್ಕಕ್ಕೆ ತಿರುಗಿಸಿದರೆ ಆಡುವ, ರೆಕ್ಕೆ ತುದಿಯ ಭಾಗ) ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ. ಮೂತಿ ಯಾವ ಕಡೆ ನೋಡಬೇಕು ಎನ್ನುವುದು ಕಾಲಿನ ಕೆಲಸ, ಗೆರೆಯ ಮೇಲೆ ನಿಲ್ಲುವುದು ಕೈಯ ಕೆಲಸ, ಎರಡನ್ನೂ ಬೆರೆಸಬೇಡಿ. ಗಾಳಿ ಕಡೆಯ ಚಕ್ರ ಮೊದಲು ತಾಗುತ್ತದೆ, ತಾಗಲಿ. ವೇಗ ಇಳಿದಂತೆ ಏಲೆರಾನ್ ಗಾಳಿಯ ಕಡೆಗೆ ಇನ್ನೂ ಹೆಚ್ಚಿಸುತ್ತಾ ಕೊನೆಗೆ ಪೂರ್ತಿ ತಿರುಗಿಸಿ ಹಿಡಿಯಿರಿ. ಚಕ್ರ ತಾಗಿದ ಕೂಡಲೇ ಕಾರಿನ ಸ್ಟೀರಿಂಗ್‌ನಂತೆ ಯೋಕ್ ನೇರ ಮಾಡುವುದು ಎಲ್ಲರೂ ಮಾಡುವ ತಪ್ಪು. ಗಾಳಿ ರೆಕ್ಕೆಯಡಿ ನುಗ್ಗುವುದು ಆಗಲೇ.

ಬೇಸಿಗೆಯ ಮಧ್ಯಾಹ್ನ ಒಣ ಹೊಲ, ಕಲ್ಲುಬಂಡೆಯ ಮೇಲೆ ವಿಮಾನ ಎತ್ತುತ್ತದೆ, ಕೆರೆಯ ಮೇಲೆ ಕುಸಿಯುತ್ತದೆ. ಫೈನಲ್ ದಾರಿಯ ಕೆರೆ ಯಾವುದೆಂದು ಗೊತ್ತಿದ್ದರೆ ಥ್ರಾಟಲ್ ಕೈ ತಯಾರಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು ಕರಗುವವರೆಗೆ ಕಾಯಿರಿ. ಆ ತಿಂಗಳು ಗಾಳಿ ಪೂರ್ವದಿಂದ, ಅಂದರೆ ಪೂರ್ವಕ್ಕೆ ಮುಖಮಾಡಿ ಇಳಿಯಬೇಕು. ಏಳೂವರೆ ಗಂಟೆಯ ಸೂರ್ಯ ನೇರ ಕಣ್ಣಿಗೆ ಹೊಡೆದರೆ ಫ್ಲೇರ್‌ನಲ್ಲಿ ಅಂಚುಗಳೇ ಕಾಣವು. ಒಂಬತ್ತರ ಮೇಲೆ ಹೋಗಿ.

ಜೋರಾಗಿ ಬಡಿದ ಲ್ಯಾಂಡಿಂಗ್ ಆದರೆ ಎಂಜಿನ್ ನಿಲ್ಲಿಸಿ ಇಳಿದು ನೋಡಿ: ಮೂತಿಯ ಸ್ಟ್ರಟ್‌ನಿಂದ ಎಣ್ಣೆ ಸೋರಿದೆಯೇ, ಪ್ರೊಪೆಲ್ಲರ್ ತುದಿ ಬಾಗಿದೆಯೇ ಕೆರೆದಿದೆಯೇ, ಟೈರಿನಲ್ಲಿ ಒಂದೇ ಕಡೆ ಚಪ್ಪಟೆ ಸವೆತವಿದೆಯೇ, ಎಂಜಿನ್ ಹಿಂದಿನ ಫೈರ್‌ವಾಲ್ ಬಳಿಯ ತಗಡು ಸುಕ್ಕುಗಟ್ಟಿದೆಯೇ. ಆ ಸುಕ್ಕು ಹೊರಗಿನಿಂದ ಸರಿಯಾಗಿ ಕಾಣುವುದಿಲ್ಲ, ಕೌಲಿಂಗ್ (ಎಂಜಿನ್ ಹೊದಿಕೆ) ತೆಗೆಸಬೇಕು. ಏನೂ ಕಾಣದಿದ್ದರೂ ಟೆಕ್ ಲಾಗ್‌ನಲ್ಲಿ ಬರೆದು ಎಂಜಿನಿಯರ್‌ಗೆ ತಿಳಿಸಿ. ಅವರು ಸಹಿ ಹಾಕುವವರೆಗೆ ಕೀಲಿ ಗೂಟದಲ್ಲೇ ನೇತಾಡುತ್ತಿರಲಿ.